ಮ್ಯಾಕ್‌ಬೆತ್ ಕೊಂದದ್ದು ಯಾಕೆ?

ದೊರೆ ಡಂಕನ್‌ನನ್ನು ಕೊಂದ ಮ್ಯಾಕ್‌ಬೆತ್‌ನನ್ನು ಕೆಡಿಸಿದ್ದು ಮಾಟಗಾತಿಯರಾ? ಶೇಕ್ಸ್‌ಪಿಯರ್ ನಾಟಕ ಸರಿಯಾಗಿ ನೋಡಿ. ರಾಜನಾಗ್ತೀಯ ಅಂದ್ರು, ಅಷ್ಟೇ. ಕೊಲ್ಲು ಅನ್ನಲಿಲ್ಲ. ಆ ಯೋಚನೆ ಹುಟ್ಟಿದ್ದು ಅವನ ತಲೆಯಲ್ಲೇ. ಅಷ್ಟರಲ್ಲಿ ಡಂಕನ್ ತನ್ನ ಮಗನನ್ನೇ ಉತ್ತರಾಧಿಕಾರಿ ಮಾಡಿಬಿಟ್ಟ; ಮ್ಯಾಕ್‌ಬೆತ್‌ನ ದಾರಿಗೆ ಅಡ್ಡ ಬಂತು.

ಮಜಾ ಏನು ಗೊತ್ತಾ? ಕೊಲ್ಲಬಾರದು ಅನ್ನೋದಕ್ಕೆ ಕಾರಣಗಳನ್ನ ಮ್ಯಾಕ್‌ಬೆತ್ತೇ ಎಣಿಸ್ತಾನೆ: ಡಂಕನ್ ನೆಂಟ, ಒಡೆಯ, ಮನೆಗೆ ಬಂದ ಅತಿಥಿ, ಸಾಲದ್ದಕ್ಕೆ ಒಳ್ಳೆಯವನು. ಕೊಲ್ಲೋಕೆ ಇದ್ದದ್ದು ಒಂದೇ, ಅಧಿಕಾರದ ಆಸೆ. ಬೇಡ ಅಂತ ಹೆಂಡತಿಗೆ ಹೇಳಿಯೂಬಿಟ್ಟ. ಅವಳು ಅವನ ಗಂಡಸುತನವನ್ನೇ ಹಂಗಿಸಿದಳು. ರಣರಂಗದಲ್ಲಿ ಹೆಸರು ಮಾಡಿದವನಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ನನ್ನ ಪ್ರಕಾರ, ಅವನ ಕೈಗೆ ಕಠಾರಿ ಕೊಟ್ಟಿದ್ದು ಆ ಮಾತೇ.

ಅಂದಹಾಗೆ, ಇತಿಹಾಸದ ಕಥೆ ಬೇರೆ. ಡಂಕನ್ ಸತ್ತಿದ್ದು 1040ರಲ್ಲಿ, ಯುದ್ಧದಲ್ಲಿ. ಆಮೇಲೆ ಮ್ಯಾಕ್‌ಬೆತ್ 17 ವರ್ಷ ಸ್ಕಾಟ್ಲೆಂಡ್ ಆಳಿದ.