ಸ್ಟೆಪ್ನಿ ಹೊದಿಕೆ

ಸ್ಟೆಪ್ನಿ ಹೊದಿಕೆ ಎಂಬುದು ಜೀಪು, ಎಸ್‌ಯುವಿ ಮೊದಲಾದ ವಾಹನಗಳ ಹಿಂಬಾಗಿಲಿಗೆ ಬಿಗಿದಿರುವ ಬದಲಿ ಚಕ್ರವನ್ನು ಬಿಸಿಲು, ಮಳೆ ಮತ್ತು ಧೂಳಿನಿಂದ ರಕ್ಷಿಸುವ ಕವಚ. ಆಡುಮಾತಿನಲ್ಲಿ ಇದನ್ನು ಸ್ಟೆಪ್ನಿ ಕವರ್ ಅಥವಾ ಟೈರ್ ಕವರ್ ಎನ್ನುತ್ತಾರೆ. ರೆಕ್ಸಿನ್, ಕ್ಯಾನ್ವಾಸ್, ಗಟ್ಟಿ ಪ್ಲಾಸ್ಟಿಕ್ ಹಾಗೂ ಲೋಹದ ತಗಡು ಇದರ ಸಾಮಾನ್ಯ ಸಾಮಗ್ರಿಗಳು. ಇದನ್ನು ಕೇವಲ ಅಲಂಕಾರವೆಂದು ಭಾವಿಸುವವರು ಹೆಚ್ಚು. ಆದರೆ ಓಡದೆ ನಿಂತ ಟೈರು ಓಡುವ ಟೈರಿಗಿಂತ ಬೇರೆ ಬಗೆಯಲ್ಲಿ ಹಾಳಾಗುವುದರಿಂದ, ಹಳೆಯ ವಾಹನಗಳಲ್ಲಿ ಹೊದಿಕೆಯ ಸ್ಥಿತಿಯು ಬದಲಿ ಚಕ್ರದ ಆಯುಷ್ಯವನ್ನೇ ಪ್ರಭಾವಿಸುತ್ತದೆ.

ಹೆಸರು ಮತ್ತು ಹಿನ್ನೆಲೆ

ಬದಲಿ ಚಕ್ರಕ್ಕೆ ಭಾರತದಲ್ಲಿ ಬಳಕೆಯಲ್ಲಿರುವ ‘ಸ್ಟೆಪ್ನಿ’ ಎಂಬ ಪದವು ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಲನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಿಂದ ಬಂದಿದೆ. ಆರಂಭಕಾಲದ ಮೋಟಾರು ಕಾರುಗಳಿಗೆ ಬದಲಿ ಚಕ್ರವೇ ಇರಲಿಲ್ಲ. 1904ರಲ್ಲಿ ಆ ಬೀದಿಯ ಡೇವಿಸ್ ಸಹೋದರರು, ಪಂಕ್ಚರ್ ಆದ ಚಕ್ರದ ಪಕ್ಕಕ್ಕೆ ಬಿಗಿಯಬಹುದಾದ, ಅರಗಳಿಲ್ಲದ, ಟೈರು ತೊಡಿಸಿದ ಬಳೆಯೊಂದನ್ನು ರೂಪಿಸಿದರು. ಆ ಸಾಧನ ಮರೆಯಾಗಿ ಬಹುಕಾಲವಾದರೂ ಹೆಸರು ಭಾರತದ ಭಾಷೆಗಳಲ್ಲಿ ಉಳಿದುಕೊಂಡಿದೆ.

ಭಾರತದಲ್ಲಿ ಮಾರುತಿ ಜಿಪ್ಸಿ (1985), ಟಾಟಾ ಸುಮೊ (1994), ಟಾಟಾ ಸಫಾರಿ (1998) ಮತ್ತು ಮಹೀಂದ್ರಾ ಬೊಲೆರೊ (2000) ವಾಹನಗಳು ಬದಲಿ ಚಕ್ರವನ್ನು ಹಿಂಭಾಗದಲ್ಲಿ ಹೊತ್ತು ಬಂದವು. ಇವುಗಳಲ್ಲಿ ಕೆಲವು ಮಾದರಿಗಳ ತಯಾರಿಕೆ ನಿಂತುಹೋಗಿದೆ. ಹೀಗಾಗಿ ಹಳೆಯ ವಾಹನಕ್ಕೆ ಮೂಲ ಹೊದಿಕೆ ಹೊಸದಾಗಿ ಸಿಗುವುದು ಕಷ್ಟವಾಗಿ, ದುರಸ್ತಿ ಮಾಡಿಸುವುದು ಅಥವಾ ಅಳತೆ ಕೊಟ್ಟು ಹೊಲಿಸುವುದು ರೂಢಿಯಾಗಿದೆ. 2020ರಲ್ಲಿ ತಿದ್ದುಪಡಿಯಾದ ಕೇಂದ್ರೀಯ ಮೋಟಾರು ವಾಹನ ನಿಯಮಗಳು, ಟೈರಿನ ಗಾಳಿಯ ಒತ್ತಡವನ್ನು ತೋರಿಸುವ ವ್ಯವಸ್ಥೆ ಮತ್ತು ಪಂಕ್ಚರ್ ದುರಸ್ತಿ ಕಿಟ್ ಇರುವ ಸಣ್ಣ ಪ್ರಯಾಣಿಕ ವಾಹನಗಳಿಗೆ ಬದಲಿ ಚಕ್ರದಿಂದ ವಿನಾಯಿತಿ ನೀಡಿವೆ. ಅಂತಹ ಸೌಲಭ್ಯವಿಲ್ಲದ ಹಳೆಯ ಬೊಲೆರೊ ಅಥವಾ ಸುಮೊಗೆ ಸ್ಟೆಪ್ನಿಯೇ ಆಧಾರ.

ಹೊದಿಕೆಯ ಅಗತ್ಯ

ಉಳಿದ ನಾಲ್ಕು ಟೈರುಗಳಿಗೆ ಬೇಡವಾದ ಹೊದಿಕೆ ಐದನೆಯದಕ್ಕೆ ಮಾತ್ರ ಏಕೆ ಎಂಬ ಪ್ರಶ್ನೆ ಸಹಜ. ಟೈರಿನ ರಬ್ಬರಿಗೆ ತಯಾರಿಕೆಯ ಹಂತದಲ್ಲೇ ಮೇಣದಂತಹ ರಕ್ಷಕ ಪದಾರ್ಥಗಳನ್ನು ಬೆರೆಸಿರುತ್ತಾರೆ. ವಾಹನ ಓಡುವಾಗ ಟೈರು ಬಾಗಿ ಬಳುಕುವುದರಿಂದ ಈ ಪದಾರ್ಥ ನಿಧಾನವಾಗಿ ಮೇಲ್ಮೈಗೆ ಒಸರಿ, ಗಾಳಿಯಲ್ಲಿನ ಓಜೋನ್ ರಬ್ಬರನ್ನು ಸೀಳದಂತೆ ತೆಳುವಾದ ಪದರವನ್ನು ನಿರ್ಮಿಸುತ್ತದೆ. ಬಾಗಿಲಿಗೆ ನೇತುಬಿದ್ದ ಚಕ್ರಕ್ಕೆ ಈ ಬಳುಕಾಟವಿಲ್ಲ. ಪದರ ಸರಿಯಾಗಿ ನವೀಕರಣಗೊಳ್ಳದೆ, ಬಿಸಿಲು ಮತ್ತು ಓಜೋನಿನ ಹೊಡೆತಕ್ಕೆ ಟೈರಿನ ಪಕ್ಕಗೋಡೆಯಲ್ಲಿ ಕೂದಲೆಳೆಯಂತಹ ಬಿರುಕುಗಳು ಮೂಡುತ್ತವೆ. ಒಮ್ಮೆಯೂ ನೆಲ ಮುಟ್ಟದ, ಗುಂಡಿಗಳೆಲ್ಲ ಹೊಸದರಂತೆ ಕಾಣುವ ಸ್ಟೆಪ್ನಿ ಟೈರು ಕೆಲವೇ ಕಿಲೋಮೀಟರ್ ಓಡಿ ಸಿಡಿಯುವುದಕ್ಕೆ ಇಂತಹ ಬಿರುಕುಗಳೂ ವಯಸ್ಸೂ ಕಾರಣವಾಗಬಲ್ಲವು.

ಬಯಲುಸೀಮೆಯಲ್ಲಿ ಈ ಸಮಸ್ಯೆ ತೀವ್ರ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿವೆ. ವರ್ಷದ ಬಹುಭಾಗ ಮೋಡದ ಮರೆಯಿಲ್ಲದ ಬಿಸಿಲು. ಇನ್ನೊಂದೆಡೆ ಹೊಲದ ಬದು, ಕೆರೆಯಂಗಳ, ರಸ್ತೆಯ ಅಂಚುಗಳಲ್ಲೆಲ್ಲ ಹಬ್ಬಿರುವ ಬಳ್ಳಾರಿ ಜಾಲಿ. ಅಮೆರಿಕ ಖಂಡದ ಮೂಲದ ಈ ಮುಳ್ಳುಗಿಡದ ಒಣಮುಳ್ಳು ಸವೆದ ಟೈರನ್ನು ಸುಲಭವಾಗಿ ಚುಚ್ಚುತ್ತದೆ. ಶೇಂಗಾ ಹೊಲದ ದಾರಿಯಲ್ಲಿ ಓಡಾಡುವ ವಾಹನಕ್ಕೆ ಸ್ಟೆಪ್ನಿಯ ಅಗತ್ಯ ಬೀಳುವುದೂ, ಅದು ಬಿಸಿಲಿಗೆ ಬೇಗ ಕೆಡುವುದೂ ಒಂದೇ ಸೀಮೆಯಲ್ಲಿ ಎಂಬುದು ಗಮನಾರ್ಹ. ತಳಕು, ಬಿ.ಜಿ. ಕೆರೆ, ರಾಂಪುರಗಳನ್ನು ಹಾದು ಬಳ್ಳಾರಿಯತ್ತ ಸಾಗುವ ಹೆದ್ದಾರಿಯಿಂದ ಒಳಗಿನ ಹಳ್ಳಿಗೆ ತಿರುಗಿದ ಮೇಲೆ, ರಾತ್ರಿಯ ಹೊತ್ತು ತೆರೆದಿರುವ ಪಂಕ್ಚರ್ ಅಂಗಡಿಯನ್ನು ನಂಬಿಕೊಳ್ಳುವಂತಿಲ್ಲ.

ಹೊದಿಕೆಯಿಂದ ಒಂದು ಅಪಾಯವೂ ಉಂಟು: ಅದು ಟೈರನ್ನು ಕಣ್ಣಿನಿಂದ ಮರೆಮಾಡುತ್ತದೆ. ಗಾಳಿ ಇಳಿದಿರುವುದು ವರ್ಷಗಟ್ಟಲೆ ಯಾರ ಗಮನಕ್ಕೂ ಬರುವುದಿಲ್ಲ. ಆದ್ದರಿಂದ ಹೊದಿಕೆಯನ್ನು ಕಳಚಿದಾಗಲೆಲ್ಲ ಗಾಳಿಯನ್ನೂ ಟೈರಿನ ವಯಸ್ಸನ್ನೂ ನೋಡಬೇಕು. ಪಕ್ಕಗೋಡೆಯ ಮೇಲಿನ ನಾಲ್ಕು ಅಂಕಿಗಳ ಸಂಖ್ಯೆಯಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. 2316 ಎಂದಿದ್ದರೆ 2016ರ 23ನೇ ವಾರದಲ್ಲಿ ತಯಾರಾದ ಟೈರು. ಹತ್ತು ವರ್ಷ ದಾಟಿದ ಟೈರನ್ನು, ಬಳಸದೇ ಇದ್ದರೂ, ಬದಲಾಯಿಸುವುದು ಸುರಕ್ಷಿತ. ಇಂತಹ ಟೈರಿಗೆ ಹೊಸ ಹೊದಿಕೆ ಹೊಲಿಸುವುದು ವ್ಯರ್ಥ ಖರ್ಚು.

ಮೆದು ಹೊದಿಕೆಯ ದುರಸ್ತಿ

ರೆಕ್ಸಿನ್ ಎಂದರೆ ಬಟ್ಟೆಯ ಮೇಲೆ ಪಿವಿಸಿ ಲೇಪಿಸಿದ ಹಾಳೆ. ಪಿವಿಸಿ ಸ್ವಭಾವತಃ ಗಡುಸು. ಅದನ್ನು ಮೆದುವಾಗಿಸಲು ಎಣ್ಣೆಯಂತಹ ದ್ರವವನ್ನು ಬೆರೆಸಿರುತ್ತಾರೆ. ಬಿಸಿಲಿಗೆ ಈ ದ್ರವ ಕ್ರಮೇಣ ಹೊರಹೋದಂತೆ ರೆಕ್ಸಿನ್ ಸೆಡೆತು ಸೀಳುತ್ತದೆ. ಹೊದಿಕೆಯ ಒಂದು ಅಂಚನ್ನು ಮಡಿಸಿ ನೋಡಿದರೆ ಅದರ ಸ್ಥಿತಿ ತಿಳಿಯುತ್ತದೆ. ಮಡಿಕೆಯಲ್ಲಿ ಲೇಪ ಬಿರಿದು ಬಟ್ಟೆ ಕಂಡರೆ ತೇಪೆ ನಿಲ್ಲುವುದಿಲ್ಲ, ಹೊಸದನ್ನೇ ಹೊಲಿಸಬೇಕು. ರೆಕ್ಸಿನ್ ಇನ್ನೂ ಮೆದುವಾಗಿದ್ದು ಹೊಲಿಗೆ ಮಾತ್ರ ಬಿಚ್ಚಿದ್ದರೆ ದುರಸ್ತಿ ಸಾಧ್ಯ.

ಬಿಚ್ಚಿದ ಹೊಲಿಗೆಯನ್ನು ಹಳೆಯ ಸೂಜಿತೂತುಗಳಲ್ಲೇ ಮತ್ತೆ ಹಾಕಬಾರದು. ತೂತುಗಳ ಸಾಲು ಅಂಚೆಚೀಟಿಯ ಅಂಚಿನಂತೆ ಹರಿದುಕೊಳ್ಳುತ್ತದೆ. ನಾಲ್ಕೈದು ಮಿಲಿಮೀಟರ್ ಒಳಕ್ಕೆ, ಒಳಬದಿಗೆ ರೆಕ್ಸಿನ್ ಪಟ್ಟಿ ಇಟ್ಟು ಹೊಲಿಯುವುದು ಸರಿಯಾದ ಕ್ರಮ. ಹತ್ತಿಯ ದಾರ ಬಿಸಿಲು ಮಳೆಗೆ ಬೇಗ ಕೊಳೆಯುವುದರಿಂದ ಪಾಲಿಯೆಸ್ಟರ್ ದಾರವನ್ನು ಬಳಸಬೇಕು. ಮನೆಯ ಹೊಲಿಗೆ ಯಂತ್ರ ಎರಡು ಮೂರು ಪದರ ರೆಕ್ಸಿನ್ ದಾಟಲು ಹೆಣಗುತ್ತದೆ. ವಾಹನಗಳ ಸೀಟು ಹೊಲಿಯುವ ಕುಷನ್ ಅಂಗಡಿಗಳಲ್ಲಿ ಅದಕ್ಕೆ ತಕ್ಕ ಯಂತ್ರವಿರುತ್ತದೆ. ಮೊಳಕಾಲ್ಮೂರು ರೇಷ್ಮೆ ಸೀರೆಯ ನೇಯ್ಗೆಗೆ ಹೆಸರಾದ ಊರಾದರೂ ಈ ಕೆಲಸಕ್ಕೆ ಬೇಕಾದದ್ದು ಸೀಟು ಹೊಲಿಯುವವರ ಕೈ.

ಸಣ್ಣ ಸೀಳಿಗೆ ಪಂಕ್ಚರ್ ಅಂಗಡಿಯ ಸಲ್ಯೂಷನ್ ಹಚ್ಚಿ ತೇಪೆ ಅಂಟಿಸುವುದುಂಟು. ಅದು ರಬ್ಬರಿಗಾಗಿ ಮಾಡಿದ ಅಂಟು; ರೆಕ್ಸಿನ್ನಿನಿಂದ ಒಸರುವ ದ್ರವ ಅದನ್ನು ಸಡಿಲಗೊಳಿಸುವುದರಿಂದ ತೇಪೆ ಬಿಸಿಲಿಗೆ ಜಾರುತ್ತದೆ. ಪಿವಿಸಿಗೆಂದೇ ಸಿಗುವ ಅಂಟನ್ನು ಬಳಸಿ, ತೇಪೆಯನ್ನು ಒಳಬದಿಯಿಂದ ಹಚ್ಚಬೇಕು. ಸಡಿಲಗೊಂಡ ಎಲಾಸ್ಟಿಕ್ ತೆಗೆದು ಅದೇ ಮಡಿಕೆಯಲ್ಲಿ ನೈಲಾನ್ ಲಾಡಿ ಏರಿಸಿದರೆ ಹೊದಿಕೆ ಗಾಳಿಗೆ ಹಾರದೆ ನಿಲ್ಲುತ್ತದೆ.

ಗಟ್ಟಿ ಹೊದಿಕೆಯ ದುರಸ್ತಿ

ಪ್ಲಾಸ್ಟಿಕ್ ಹೊದಿಕೆಗಳು ಸಾಮಾನ್ಯವಾಗಿ ಬೋಲ್ಟ್ ಅಥವಾ ಕೊಂಡಿ ಸೇರುವ ಜಾಗದಲ್ಲಿ ಬಿರುಕು ಬಿಡುತ್ತವೆ. ಬಿರುಕಿನ ತುದಿಯಲ್ಲಿ ಸುಮಾರು 3 ಮಿ.ಮೀ. ರಂಧ್ರ ಕೊರೆದರೆ ಅದು ಮುಂದುವರಿಯುವುದು ಬಹುಮಟ್ಟಿಗೆ ನಿಲ್ಲುತ್ತದೆ. ಅನಂತರದ ಕ್ರಮವು ಪ್ಲಾಸ್ಟಿಕ್ಕಿನ ಜಾತಿಯನ್ನು ಅವಲಂಬಿಸಿದೆ. ಹಲವು ಹೊದಿಕೆಗಳ ಒಳಬದಿಯಲ್ಲಿ ಅದರ ಗುರುತು ಅಚ್ಚಾಗಿರುತ್ತದೆ. ಎಬಿಎಸ್ ಆಗಿದ್ದರೆ ಅದೇ ಜಾತಿಯ ಚೂರುಗಳನ್ನು ಅಸಿಟೋನಿನಲ್ಲಿ ಕರಗಿಸಿ ಬಿರುಕಿಗೆ ತುಂಬಬಹುದು. ಪಿಪಿ, ಅಂದರೆ ಪಾಲಿಪ್ರೊಪಿಲೀನ್ ಆಗಿದ್ದರೆ ಸಾಮಾನ್ಯ ಅಂಟುಗಳು ಹಿಡಿಯುವುದಿಲ್ಲ. ಬಿಸಿ ಮಾಡಿ ಬೆಸೆಯಬೇಕು. ಎರಡೂ ಸಂದರ್ಭಗಳಲ್ಲಿ ಒಳಬದಿಗೆ ಸಣ್ಣ ತಂತಿಜಾಲರಿ ಕೂರಿಸಿದರೆ ಗಟ್ಟಿ. ಅಸಿಟೋನ್ ಬೇಗ ಬೆಂಕಿ ಹಿಡಿಯುವ ದ್ರವವಾದ್ದರಿಂದ ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರವಿದ್ದು ಕೆಲಸ ಮಾಡಬೇಕು. ತಗಡಿನ ಬಳೆಗೆ ತುಕ್ಕು ಹಿಡಿದಿದ್ದರೆ ಉಜ್ಜಿ ತೆಗೆದು ರೆಡ್ ಆಕ್ಸೈಡ್ ಬಳಿದು ಬಣ್ಣ ಹಚ್ಚುವುದು ಸಾಕು.

ಹೊಸ ಹೊದಿಕೆಯ ಅಳತೆ

ವಾಹನದ ಹೆಸರಿಗಿಂತ ಟೈರಿನ ಅಳತೆ ಮುಖ್ಯ. ಬೊಲೆರೊಗೆ ಬರುವ 215/75 ಆರ್ 15 ಟೈರಿನಲ್ಲಿ 215 ಎಂಬುದು ಮಿಲಿಮೀಟರಿನಲ್ಲಿ ಅಗಲ. ಪಕ್ಕಗೋಡೆಯ ಎತ್ತರ ಆ ಅಗಲದ ಶೇಕಡ 75. 15 ಎಂಬುದು ಇಂಚಿನಲ್ಲಿ ರಿಮ್ಮಿನ ವ್ಯಾಸ. ಮೇಲೆ ಕೆಳಗೆ ಎರಡೂ ಪಕ್ಕಗೋಡೆಗಳು ಸೇರಿ 322.5 ಮಿ.ಮೀ., ರಿಮ್ 381 ಮಿ.ಮೀ., ಒಟ್ಟು ವ್ಯಾಸ ಸುಮಾರು 703 ಮಿ.ಮೀ. ಇದೇ ಲೆಕ್ಕದಲ್ಲಿ ಸಫಾರಿಯ 235/70 ಆರ್ 16 ಟೈರು ಸುಮಾರು 735 ಮಿ.ಮೀ. ಬರುತ್ತದೆ, ಒಂದರ ಹೊದಿಕೆ ಇನ್ನೊಂದಕ್ಕೆ ಕೂರದು. ಅಂಕಿ ಅಳಿಸಿದ್ದರೆ ಟೈರಿನ ಸುತ್ತ ದಾರ ಸುತ್ತಿ, ಬಂದ ಉದ್ದವನ್ನು 3.14ರಿಂದ ಭಾಗಿಸಬೇಕು. ಪೂರ್ತಿ ಸವೆದ ಟೈರನ್ನು ಅಳೆದು ಹೊಲಿಸಿದ ಹೊದಿಕೆ ಹೊಸ ಟೈರಿಗೆ ಬಿಗಿಯಾಗುತ್ತದೆ, ಏಕೆಂದರೆ ವ್ಯಾಸದಲ್ಲಿ ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬರಬಹುದು.

ಹೊಲಿಸುವ ಹೊದಿಕೆಗೆ ಮೂರು ತುಂಡು ಬೇಕು: ಮುಂಭಾಗದ ವೃತ್ತ, ಟೈರಿನ ಅಗಲದ ಪಟ್ಟಿ ಮತ್ತು ಲಾಡಿಯಿರುವ ಹಿಂಬದಿಯ ಬಳೆ. ಪಟ್ಟಿಯ ತಳದಲ್ಲಿ ನೀರು ಇಳಿಯಲು ಎರಡು ಮೂರು ರಂಧ್ರಗಳನ್ನು ಬಿಡಿಸಲೇಬೇಕು. ಮಳೆ ಕಡಿಮೆಯೆಂದು ಇದನ್ನು ಬಿಟ್ಟರೆ ವಾಹನ ತೊಳೆದ ನೀರು ಒಳಗೆ ನಿಂತು ಉಕ್ಕಿನ ರಿಮ್ ತುಕ್ಕು ಹಿಡಿಯುತ್ತದೆ. ಕಪ್ಪು ಬಣ್ಣದ ರೆಕ್ಸಿನ್ ಹೆಚ್ಚು ಕಾವು ಹೀರುವುದರಿಂದ ಬಯಲುಸೀಮೆಗೆ ತಿಳಿಬಣ್ಣವೇ ಲೇಸು. ಮಣ್ಣಿನ ಕಲೆ ಕಾಣುತ್ತದೆಂಬ ಆಕ್ಷೇಪಕ್ಕೆ ಒದ್ದೆಬಟ್ಟೆಯೇ ಉತ್ತರ.

ಅಳವಡಿಕೆ

ಬೊಲೆರೊ, ಸುಮೊ ಮತ್ತು ಹಳೆಯ ಸಫಾರಿಗಳಲ್ಲಿ ಚಕ್ರದ ಭಾರವನ್ನು ಪಕ್ಕಕ್ಕೆ ತೆರೆಯುವ ಹಿಂಬಾಗಿಲಿನ ಕೀಲುಗಳು ಹೊರುತ್ತವೆ. ಚಕ್ರ ಬಿಚ್ಚಿದಾಗ ಬಾಗಿಲನ್ನು ತುಸು ಎತ್ತಿ ನೋಡಿ, ಕೀಲು ಸಡಿಲವಾಗಿದ್ದರೆ ಮೊದಲು ಅದನ್ನು ಸರಿಪಡಿಸುವುದು ಒಳಿತು. ಬಾಗಿಲು ಅದುರುತ್ತಿದ್ದರೆ ಹೊಸ ಹೊದಿಕೆಯೂ ಬೇಗ ಬಿರುಕು ಬಿಡುತ್ತದೆ. ಉಕ್ಕಿನ ರಿಮ್ ಸಹಿತ ಚಕ್ರ ಇಪ್ಪತ್ತು ಕಿಲೋಗ್ರಾಂ ಮೀರುವುದರಿಂದ ಇಳಿಸಲು ಇಬ್ಬರಿರಬೇಕು. ಮೆದು ಹೊದಿಕೆಯನ್ನು ನೆಲದ ಮೇಲೆಯೇ ತೊಡಿಸಿ, ಲಾಡಿ ಬಿಗಿದು, ರಂಧ್ರಗಳು ಕೆಳಮುಖವಾಗುವಂತೆ ಚಕ್ರವನ್ನು ಏರಿಸಬೇಕು.

ಹೊದಿಕೆಯ ಮೇಲೆ ದೇವರ ಚಿತ್ರ, ಊರಿನ ಹೆಸರು, ನಟ ಪುನೀತ್ ರಾಜ್‌ಕುಮಾರ್ ಅವರಂತಹ ಜನಪ್ರಿಯರ ಭಾವಚಿತ್ರ ಬರೆಸುವ ಅಭ್ಯಾಸ ಕರ್ನಾಟಕದಲ್ಲಿ ವ್ಯಾಪಕವಾಗಿದೆ. ಚಿತ್ರ ಯಾವುದೇ ಇರಲಿ, ಹೊದಿಕೆಯ ಅಂಚು ನೋಂದಣಿ ಫಲಕವನ್ನಾಗಲಿ ಹಿಂಬದಿಯ ದೀಪಗಳನ್ನಾಗಲಿ ಮರೆಮಾಡಬಾರದು. ಮೂಲ ಹೊದಿಕೆಗಿಂತ ದೊಡ್ಡದನ್ನು ತೊಡಿಸಿದಾಗ ಈ ತೊಡಕು ಬರುವುದು ಹೆಚ್ಚು. ಹತ್ತು ಹೆಜ್ಜೆ ಹಿಂದೆ ನಿಂತು, ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ ನೋಡಿದರೆ ತಿಳಿಯುತ್ತದೆ.