ಕಡಲಂಚಿನ ಗಾಲ್ಫ್ ಬಯಲು: ಊರಿನ ಹಕ್ಕಿನಿಂದ ಉಳಿದ ಆಟ

ವಿಜಯಪುರದಿಂದ ಸೊಲ್ಲಾಪುರದ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ರಾಜ್ಯದ ಗಡಿ ಸಮೀಪಿಸುವಾಗ ಸಿಗುವ ಊರು ಝಳಕಿ. ಸುತ್ತಲೂ ಕಣ್ಣು ಹಾಯುವಷ್ಟು ದೂರ ಬಯಲು. ಮರಗಳು ವಿರಳ, ಆಷಾಢದ ಗಾಳಿಗೆ ತಡೆ ಎಂಬುದಿಲ್ಲ. ಇಲ್ಲಿಂದ ಕಡಲು ನೂರಾರು ಕಿಲೋಮೀಟರ್ ದೂರ, ಗಾಲ್ಫ್ ಎಂಬ ಆಟ ಅದಕ್ಕಿಂತಲೂ ದೂರ. ಆದರೂ ಗಾಲ್ಫ್ ಹುಟ್ಟಿದ್ದು ಇಂಥದೇ ಮರಗಳಿಲ್ಲದ, ಗಾಳಿ ಬಡಿಯುವ, ಕುರಿ ಮೇಯುವ ಬಯಲಿನಲ್ಲಿ ಎಂದರೆ ಅನೇಕರಿಗೆ ಅಚ್ಚರಿಯಾದೀತು.

ಕಿರುತೆರೆಯಲ್ಲಿ ಕಾಣುವ ಗಾಲ್ಫ್ ಅಂಗಣಕ್ಕೆ ಹಸಿರು ಹಾಸು, ತಿಳಿಗೊಳ, ಸಾಲುಮರಗಳ ಅಲಂಕಾರವಿರುತ್ತದೆ. ಅದು ಈಚಿನ ರೂಪ. ಮೂಲ ರೂಪವನ್ನು ನೋಡಬೇಕಾದರೆ ಸ್ಕಾಟ್ಲೆಂಡಿನ ಪೂರ್ವ ಕರಾವಳಿಗೆ, ಅದರಲ್ಲಿಯೂ ಫೈಫ್ ಪ್ರಾಂತ್ಯದ ಸೇಂಟ್ ಆಂಡ್ರೂಸ್ ಪಟ್ಟಣಕ್ಕೆ ಹೋಗಬೇಕು.

ಲಿಂಕ್ಸ್ ಎಂದರೇನು?

ಕಡಲತೀರದ ಮರಳಿಗೂ ಒಳನಾಡಿನ ಉಳುವ ಹೊಲಕ್ಕೂ ನಡುವಿನ ಏರಿಳಿತದ ಭೂಮಿಗೆ ಸ್ಕಾಟ್ ಜನ ‘ಲಿಂಕ್ಸ್’ ಎನ್ನುತ್ತಾರೆ. ಗಾಳಿ ಶತಮಾನಗಳ ಕಾಲ ತಂದು ಸುರಿದ ಮರಳಿನ ದಿಣ್ಣೆಗಳ ಮೇಲೆ ತೆಳುವಾದ, ಗಟ್ಟಿಮುಟ್ಟಾದ ಹುಲ್ಲು ಹಬ್ಬಿ ಈ ನೆಲ ರೂಪುಗೊಂಡಿತು. ಬೇಸಾಯಕ್ಕೆ ಅದು ಬಾರದು. ಆದುದರಿಂದ ಊರಿನವರು ಅಲ್ಲಿ ದನಕುರಿ ಮೇಯಿಸಿದರು, ಬಟ್ಟೆ ಒಣಗಿಸಿದರು, ಮೊಲ ಹಿಡಿದರು, ಬಿಡುವಿನಲ್ಲಿ ಕೋಲಿನಿಂದ ಚೆಂಡು ಹೊಡೆದರು.

ವಿಜಯಪುರ ಜಿಲ್ಲೆಯ ಎರೆಮಣ್ಣನ್ನು ಬಲ್ಲವರಿಗೆ ಲಿಂಕ್ಸ್‌ನ ಗುಣ ಸುಲಭವಾಗಿ ಅರ್ಥವಾಗುತ್ತದೆ. ಎರಡೂ ಒಂದಕ್ಕೊಂದು ತದ್ವಿರುದ್ಧ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ತೇವವನ್ನು ವಾರಗಟ್ಟಲೆ ಹಿಡಿದಿಟ್ಟು ಬಿಳಿಜೋಳವನ್ನು ಬೆಳೆಸುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಮಳೆ ಬಿದ್ದಾಗ ಅದರಲ್ಲಿ ಕಾಲಿಡುವುದೇ ಕಷ್ಟ. ಲಿಂಕ್ಸ್‌ನ ಮರಳಾದರೋ ಮಳೆನೀರನ್ನು ಬಲುಬೇಗ ಕೆಳಗಿಳಿಸಿಬಿಡುತ್ತದೆ. ಹೀಗಾಗಿ ಮಳೆಗಾಲ, ಚಳಿಗಾಲ ಎನ್ನದೆ ಅಲ್ಲಿ ನೆಲ ಗಡುಸಾಗಿಯೇ ಇರುತ್ತದೆ, ವರ್ಷವಿಡೀ ಆಡಬಹುದು.

ನೆಲ ಗಡುಸಾದುದರಿಂದ ಆಟದ ರೀತಿಯೂ ಬೇರೆ. ಮೆತ್ತನೆಯ ಅಂಗಣದಲ್ಲಿ ಎತ್ತರಕ್ಕೆ ಹೊಡೆದ ಚೆಂಡು ಬಿದ್ದಲ್ಲಿಯೇ ನಿಲ್ಲುತ್ತದೆ. ಲಿಂಕ್ಸ್‌ನಲ್ಲಿ ಅದು ಪುಟಿದು ಉರುಳುತ್ತ ಎಲ್ಲಿಗೋ ಹೋಗುತ್ತದೆ. ಮೇಲೆ ಹಾರಿದರೆ ಗಾಳಿಯ ಪಾಲಾಗುತ್ತದೆ. ಆದ್ದರಿಂದ ಅನುಭವಿ ಆಟಗಾರ ಚೆಂಡನ್ನು ತಗ್ಗಿನಲ್ಲಿ ಹೊಡೆದು, ನೆಲದ ಇಳಿಜಾರನ್ನು ಲೆಕ್ಕ ಹಾಕಿ, ಗುರಿಯವರೆಗೆ ಉರುಳಿಸಿಕೊಂಡು ಹೋಗುತ್ತಾನೆ. ಬೆಳಿಗ್ಗೆ ಬೆನ್ನಿಗಿದ್ದ ಗಾಳಿ ಮಧ್ಯಾಹ್ನ ಎದುರಾದರೆ ಅದೇ ಕುಳಿ ಬೇರೆಯೇ ಆಗಿಬಿಡುತ್ತದೆ.

ಹಳೆಯ ಅಂಗಣದ ನಡಿಗೆ

ಸೇಂಟ್ ಆಂಡ್ರೂಸ್‌ನ ‘ಓಲ್ಡ್ ಕೋರ್ಸ್’ ಈ ಬಗೆಯ ಅಂಗಣಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. 1764ರಲ್ಲಿ ಇಲ್ಲಿಯ 22 ಕುಳಿಗಳ ಸುತ್ತನ್ನು 18ಕ್ಕೆ ಇಳಿಸಲಾಯಿತು. ಮುಂದೆ ಜಗತ್ತೆಲ್ಲ ಅದೇ ಸಂಖ್ಯೆಯನ್ನು ಒಪ್ಪಿಕೊಂಡಿತು. ಇಲ್ಲಿಯ ಆಟ ಊರಿನಂಚಿನಿಂದ ಹೊರಟು ಬಯಲಿನ ತುದಿ ಮುಟ್ಟಿ ಮರಳಿ ಊರಿಗೆ ಬರುತ್ತದೆ. ಹೋಗುವ ಮತ್ತು ಬರುವ ಕುಳಿಗಳು ಏಳು ವಿಶಾಲ ಗ್ರೀನ್‌ಗಳನ್ನು ಹಂಚಿಕೊಂಡಿವೆ. ಹಂಚಿಕೊಂಡ ಜೋಡಿಗಳ ಕ್ರಮಸಂಖ್ಯೆಗಳನ್ನು ಕೂಡಿಸಿದರೆ ಸದಾ 18 ಬರುವುದು ಒಂದು ಸ್ವಾರಸ್ಯ: 2 ಮತ್ತು 16, 3 ಮತ್ತು 15, ಹೀಗೆ.

ನೂರಕ್ಕೂ ಹೆಚ್ಚು ಮರಳುಗುಂಡಿಗಳು ದಾರಿಯಲ್ಲಿ ಕಾದಿರುತ್ತವೆ. ಗಾಳಿಗೆ ಹೆದರಿ ಕುರಿಗಳು ಮರೆಯಾಗಿ ಮಲಗಿದ ತಗ್ಗುಗಳೇ ಇಂಥ ಗುಂಡಿಗಳಾದವು ಎಂಬ ಪ್ರತೀತಿಯಿದೆ. 14ನೆಯ ಕುಳಿಯ ದಾರಿಯಲ್ಲಿರುವ ಆಳವಾದ ಗುಂಡಿಗೆ ‘ಹೆಲ್’ ಅಂದರೆ ನರಕ ಎಂದೇ ಹೆಸರು. ಕೊನೆಯ ಕುಳಿಯ ಹಾದಿಯಲ್ಲಿ ಹಳ್ಳವೊಂದರ ಮೇಲಿನ ಸ್ವಿಲ್ಕನ್ ಎಂಬ ಪುಟ್ಟ ಕಲ್ಲುಸೇತುವೆಯಿದೆ. ಅದರ ಮೇಲೆ ನಿಂತು ಛಾಯಾಚಿತ್ರ ತೆಗೆಸಿಕೊಳ್ಳದ ಪ್ರವಾಸಿ ಅಪರೂಪ.

ಇಷ್ಟು ಪ್ರತಿಷ್ಠಿತ ಅಂಗಣದಲ್ಲಿ ಆಡಲು ಯಾವುದೇ ಕ್ಲಬ್ಬಿನ ಸದಸ್ಯತ್ವ ಬೇಕಿಲ್ಲ. ಆಟದ ಮಟ್ಟವನ್ನು ಸೂಚಿಸುವ ಅಧಿಕೃತ ಹ್ಯಾಂಡಿಕ್ಯಾಪ್ ಇದ್ದರೆ ಸಾಕು. ಮುಂಗಡ ಕಾಯ್ದಿರಿಸುವಿಕೆ ಸಿಗದವರು ಎರಡು ದಿನ ಮುಂಚೆ ನಡೆಯುವ ಚೀಟಿ ಎತ್ತುವಿಕೆಗೆ ಹೆಸರು ಕೊಡಬಹುದು. ಒಂಟಿಯಾಗಿ ಬಂದವರು ಹಿಂದೆ ನಸುಕಿಗೂ ಮೊದಲೇ ಸರತಿಯಲ್ಲಿ ನಿಲ್ಲುತ್ತಿದ್ದರು. 2024ರಿಂದ ಅವರಿಗೂ ಚೀಟಿಯ ವ್ಯವಸ್ಥೆ ಬಂದಿದೆ. ಅದೃಷ್ಟ ಒಲಿದರೂ ಜೇಬು ಗಟ್ಟಿಯಾಗಿರಬೇಕು: ಬೇಸಿಗೆಯಲ್ಲಿ ಒಂದು ಸುತ್ತಿನ ಶುಲ್ಕ ಮುನ್ನೂರು ಪೌಂಡ್‌ಗಿಂತ ಹೆಚ್ಚು. ಅದೇ ಬಯಲಿನ ಬೇರೆ ಅಂಗಣಗಳಲ್ಲಿ ಇದಕ್ಕಿಂತ ಬಹಳ ಕಡಿಮೆ ಹಣಕ್ಕೆ ಆಡಬಹುದು.

ಹಕ್ಕುಪತ್ರ ಮತ್ತು ಮೊಲಗಳು

ಅಂಗಣ ಸಾರ್ವಜನಿಕರದ್ದಾಗಿ ಉಳಿದದ್ದು ತಾನಾಗಿಯೇ ಅಲ್ಲ. 1457ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟ್, ಜನ ಬಿಲ್ಲುವಿದ್ಯೆಯನ್ನು ಕಡೆಗಣಿಸುತ್ತಿದ್ದಾರೆಂದು ಗಾಲ್ಫನ್ನೇ ನಿಷೇಧಿಸಿತ್ತು. ಆಟ ನಿಲ್ಲಲಿಲ್ಲ. 1552ರಲ್ಲಿ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ ತನಗೆ ಮೊಲ ಸಾಕುವ ಅಧಿಕಾರವನ್ನು ಪಡೆದುಕೊಂಡಾಗ, ಲಿಂಕ್ಸ್‌ನಲ್ಲಿ ದನಕರು ಮೇಯಿಸುವ, ಚೆಂಡಾಡುವ ಊರಿನವರ ಹಕ್ಕನ್ನೂ ಪತ್ರದಲ್ಲಿ ಒಪ್ಪಿಕೊಳ್ಳಬೇಕಾಯಿತು.

18ನೆಯ ಶತಮಾನದ ಕೊನೆಗೆ ಪಟ್ಟಣದ ಆಡಳಿತ ಸಾಲದಲ್ಲಿ ಮುಳುಗಿ ಈ ಭೂಮಿಯನ್ನೇ ಕೈಬಿಟ್ಟಿತು. ಅದನ್ನು ಪಡೆದ ವರ್ತಕರು ಮೊಲ ಸಾಕಣೆ ಆರಂಭಿಸಿದರು, ಬಯಲೆಲ್ಲ ಬಿಲವಾಯಿತು. ಆಟಗಾರರಿಗೂ ವರ್ತಕರಿಗೂ ಜಗಳ ನಡೆದು ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿತು. 1821ರಲ್ಲಿ ಜೇಮ್ಸ್ ಚೀಪ್ ಎಂಬ ಭೂಮಾಲೀಕ ಅದನ್ನು ಕೊಂಡು ಆಟಕ್ಕಾಗಿ ಉಳಿಸಿದ. 1894ರಲ್ಲಿ ಪಾರ್ಲಿಮೆಂಟಿನ ಕಾಯಿದೆಯ ಮೂಲಕ ಪಟ್ಟಣವೇ ಭೂಮಿಯನ್ನು ಮರಳಿ ಪಡೆಯಿತು. 1974ರ ಇನ್ನೊಂದು ಕಾಯಿದೆಯಿಂದ ನಿರ್ವಹಣೆ ಒಂದು ಟ್ರಸ್ಟ್‌ಗೆ ಬಂತು. ಇಂದಿಗೂ ಭಾನುವಾರ ಹಳೆಯ ಅಂಗಣದಲ್ಲಿ ಸಾಮಾನ್ಯವಾಗಿ ಆಟವಿಲ್ಲ. ಅಂದು ಮಕ್ಕಳು, ಮುದುಕರು, ನಾಯಿಗಳು ಅದರ ಮೇಲೆಯೇ ವಿಹರಿಸುತ್ತಾರೆ.

ಕರ್ನಾಟಕದ ನಂಟು

ಗಾಲ್ಫ್ ಭಾರತಕ್ಕೆ ಬಂದದ್ದು ಆಂಗ್ಲರೊಂದಿಗೆ. ಕಲ್ಕತ್ತದ ಕ್ಲಬ್ 1829ರಲ್ಲಿ, ಬೆಂಗಳೂರಿನದು 1876ರಲ್ಲಿ ಆರಂಭವಾದವು. ಆಟ ಬಂತಾದರೂ ಊರಿನ ಹಕ್ಕು ಜೊತೆಗೆ ಬರಲಿಲ್ಲ. ಇಲ್ಲಿ ಅದು ಬಹುಮಟ್ಟಿಗೆ ಸದಸ್ಯರ ಆವರಣದೊಳಗಿನ ಆಟವಾಗಿಯೇ ಬೆಳೆಯಿತು. ಆದರೂ ಇಲ್ಲಿ ಕಲಿತವರು ಅಲ್ಲಿ ಗೆದ್ದುದುಂಟು. ಬೆಂಗಳೂರಿನ ಅದಿತಿ ಅಶೋಕ್ 2015ರಲ್ಲಿ, ಹದಿನೇಳರ ಹರೆಯದಲ್ಲಿ, ಸೇಂಟ್ ಆಂಡ್ರೂಸ್‌ನಲ್ಲಿ ನಡೆಯುವ ಸೇಂಟ್ ರೂಲ್ ಟ್ರೋಫಿಯನ್ನು ಗೆದ್ದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದು ಪದಕದಿಂದ ಕೂದಲೆಳೆಯಷ್ಟು ಅಂತರದಲ್ಲಿ ಉಳಿದವರು ಇವರೇ.

ಲಿಂಕ್ಸ್‌ಗೆ ಈಗ ಮೊಲಗಳ ಭಯವಿಲ್ಲ, ಕಡಲಿನ ಭಯವಿದೆ. ಅದೇ ಪೂರ್ವ ಕರಾವಳಿಯ ಮಾಂಟ್ರೋಸ್‌ನಲ್ಲಿ ಮೂರು ದಶಕಗಳಲ್ಲಿ ಸಮುದ್ರ ಸುಮಾರು 70 ಮೀಟರ್ ಒಳಗೆ ಬಂದಿದೆ. ಪುರಾತನ ಅಂಗಣದ ಅಂಚು ಕುಸಿಯುತ್ತಿದೆ.

ಉತ್ತರ ಕರ್ನಾಟಕದಲ್ಲಿ ಗಾಯರಾಣ, ದಕ್ಷಿಣದಲ್ಲಿ ಗೋಮಾಳ ಎನಿಸಿಕೊಳ್ಳುವ ಊರಿನ ಮೇವಿನ ಭೂಮಿಗೂ ಲಿಂಕ್ಸ್‌ಗೂ ಮೂಲದಲ್ಲಿ ಸಾಮ್ಯವಿದೆ. ನಮ್ಮ ಭೂಕಂದಾಯ ನಿಯಮಗಳೂ ನೂರು ಜಾನುವಾರುಗಳಿಗೆ 12 ಹೆಕ್ಟೇರ್‌ನಂತೆ ಗೋಮಾಳ ಕಾಯ್ದಿರಿಸಬೇಕೆನ್ನುತ್ತವೆ. ಉಳಲು ಬಾರದ ನೆಲ ಯಾರಿಗೂ ಸೇರದ ನೆಲವಲ್ಲ, ಎಲ್ಲರಿಗೂ ಸೇರಿದ ನೆಲ. ಸೇಂಟ್ ಆಂಡ್ರೂಸ್‌ನ ಜನ ಅದನ್ನು ಪತ್ರದಲ್ಲಿ ಬರೆಸಿಕೊಂಡರು. ಕೈತಪ್ಪಿದಾಗ ಮರಳಿ ಪಡೆಯುವವರೆಗೆ ಪಟ್ಟು ಬಿಡಲಿಲ್ಲ. ಅಲ್ಲಿಗೆ ಹೋಗುವ ಪ್ರವಾಸಿ ಚೆಂಡು ಹೊಡೆಯದಿದ್ದರೂ ಚಿಂತೆಯಿಲ್ಲ. ಒಂದು ಭಾನುವಾರ ಆ ಹುಲ್ಲಿನ ಮೇಲೆ ನಡೆದು ಬಂದರೆ ಇಷ್ಟನ್ನಂತೂ ತಿಳಿದಾನು.