ಕುದುರೆಯನ್ನು ಕಾಯ್ದ ಹಳ್ಳಿ

ಇಂಗ್ಲೆಂಡಿನ ಗ್ರಾಮಾಂತರದಲ್ಲಿ ಸ್ಥಳೀಯ ಆಡಳಿತದ ಅತಿ ಚಿಕ್ಕ ಘಟಕಕ್ಕೆ ಪ್ಯಾರಿಷ್ ಎಂದು ಹೆಸರು. ಮೊದಲು ಒಂದು ಚರ್ಚಿನ ವ್ಯಾಪ್ತಿಯಾಗಿದ್ದ ಇದನ್ನು ಇಂದು ನಮ್ಮ ಗ್ರಾಮ ಪಂಚಾಯಿತಿಗೆ ಹೋಲಿಸಬಹುದು. ಆಕ್ಸ್‌ಫರ್ಡ್‌ಶೈರ್‌ನ ಅಫಿಂಗ್ಟನ್ ಅಂಥದೊಂದು ಪ್ಯಾರಿಷ್. ಅದರ ದೊಡ್ಡ ಆಸ್ತಿ ಗುಡ್ಡದ ಇಳಿಜಾರಿನಲ್ಲಿ ಓಡುತ್ತಿರುವ ಬಿಳಿ ಕುದುರೆ.

ಸುಮಾರು 110 ಮೀಟರ್ ಉದ್ದದ ಈ ಕುದುರೆಯನ್ನು ಬಣ್ಣದಿಂದ ಬರೆದದ್ದಲ್ಲ, ಕಲ್ಲಿನಲ್ಲಿ ಕೆತ್ತಿದ್ದೂ ಅಲ್ಲ. ಹುಲ್ಲು ಕಿತ್ತು, ಕಾಲುವೆ ತೋಡಿ, ಅದಕ್ಕೆ ಸೀಮೆಸುಣ್ಣದ ಕಲ್ಲನ್ನು ತುಂಬಿ ಕುಟ್ಟಲಾಗಿದೆ. ಇಡೀ ಗುಡ್ಡವೇ ಸೀಮೆಸುಣ್ಣದ್ದಾದ್ದರಿಂದ ಸಾಮಗ್ರಿಗೆ ಕೊರತೆಯಿಲ್ಲ.

ಇದನ್ನು ಮಾಡಿದವರು ಯಾರು? ಕ್ರಿ.ಶ. 871ರಲ್ಲಿ ಡೇನರನ್ನು ಸೋಲಿಸಿದ ನೆನಪಿಗೆ ಆಲ್‌ಫ್ರೆಡ್ ದೊರೆ ಮಾಡಿಸಿದನೆಂದು ಜನ ಬಹುಕಾಲ ನಂಬಿದ್ದರು. 1990ರ ದಶಕದಲ್ಲಿ ವಿಜ್ಞಾನ ಬೇರೆಯೇ ಉತ್ತರ ನೀಡಿತು. ಮಣ್ಣಿನ ಕಣಗಳು ಕತ್ತಲಲ್ಲಿ ಹೂತುಹೋದಾಗ ಸುತ್ತಲಿನ ನೈಸರ್ಗಿಕ ವಿಕಿರಣದ ಶಕ್ತಿಯನ್ನು ಸ್ವಲ್ಪ ಸ್ವಲ್ಪವಾಗಿ ಕೂಡಿಟ್ಟುಕೊಳ್ಳುತ್ತವೆ. ಬೆಳಕು ಬಿದ್ದೊಡನೆ ಅದನ್ನು ಹೊರಹಾಕುತ್ತವೆ. ಹೀಗೆ ಹೊಮ್ಮುವ ಬೆಳಕನ್ನು ಅಳೆದರೆ ಆ ಮಣ್ಣು ಕೊನೆಯ ಬಾರಿ ಬಿಸಿಲು ಕಂಡದ್ದು ಯಾವಾಗ ಎಂದು ತಿಳಿಯುತ್ತದೆ. ಕುದುರೆಯ ಕೆಳಪದರದ ಮಣ್ಣು ಕೊಟ್ಟ ಕಾಲ ಕ್ರಿ.ಪೂ. 1380 ಮತ್ತು 550ರ ನಡುವಿನದು. ಅಂದರೆ ಆಲ್‌ಫ್ರೆಡ್ ಹುಟ್ಟುವ ಹೊತ್ತಿಗೇ ಕುದುರೆ ಮುದಿಯಾಗಿತ್ತು!

ಗುಡ್ಡದ ನೆತ್ತಿಯಲ್ಲಿ ಕಬ್ಬಿಣಯುಗದ ಕೋಟೆಯ ಮಣ್ಣುದಿಬ್ಬಗಳಿವೆ. ಕುದುರೆಯ ಕೆಳಗೆ ಹಿಮಯುಗದ ಚಳಿ ಮತ್ತು ಕರಗುನೀರು ಕೊರೆದ ಕಣಿವೆಯಿದೆ. ಹಳ್ಳಿಗರು ಅದನ್ನು ಕುದುರೆಯ ಗೋದಲಿ ಎನ್ನುತ್ತಾರೆ. ಪಕ್ಕದ ಚಪ್ಪಟೆ ದಿಬ್ಬದ ಮೇಲೊಂದು ಹುಲ್ಲು ಬೆಳೆಯದ ಜಾಗವಿದೆ. ಸಂತ ಜಾರ್ಜ್ ಕೊಂದ ಡ್ರ್ಯಾಗನ್ನಿನ ರಕ್ತ ಚೆಲ್ಲಿದ್ದು ಅಲ್ಲೇ ಎಂಬುದು ಐತಿಹ್ಯ. ಸುಣ್ಣದ ನೆಲದ ತೆಳುಮಣ್ಣಿನಲ್ಲಿ ಪುಟ್ಟ ಹೂಗಿಡಗಳು ನೂರಾರು ವರ್ಷಗಳಿಂದ ಬಾಳುತ್ತಿರುವುದೂ ದನ, ಕುರಿಗಳ ಮೇವಿನಿಂದ. ಮೇಯುವುದು ನಿಂತರೆ ಪೊದೆ ಹಬ್ಬಿ ಅವು ಅಳಿಯುತ್ತವೆ.

ಕುದುರೆಯ ಪಾಡೂ ಅದೇ. ಕೆಲವು ವರ್ಷ ಕೈಬಿಟ್ಟರೆ ಸಾಕು, ಹುಲ್ಲು ಅದನ್ನು ನುಂಗಿಬಿಡುತ್ತದೆ. ಹಾಗಾಗಿ ಸುಮಾರು ಮೂರು ಸಾವಿರ ವರ್ಷ ತಲೆಮಾರಿನಿಂದ ತಲೆಮಾರಿಗೆ ಯಾರಾದರೂ ಗುಡ್ಡ ಹತ್ತಿ ಕಳೆ ಕೀಳಲೇಬೇಕಾಯಿತು. ಭಾಷೆ, ಧರ್ಮ, ರಾಜವಂಶ ಬದಲಾದರೂ ಈ ಕೆಲಸ ನಿಲ್ಲಲಿಲ್ಲ. ಹದಿನೆಂಟು, ಹತ್ತೊಂಬತ್ತನೇ ಶತಮಾನಗಳಲ್ಲಿ ಅದು ಕುಸ್ತಿ, ಓಟದ ಪಂದ್ಯಗಳ ಜಾತ್ರೆಯೇ ಆಗಿತ್ತು. 1857ರ ಜಾತ್ರೆಯನ್ನು ಅಫಿಂಗ್ಟನ್ನಿನಲ್ಲೇ ಹುಟ್ಟಿದ ಲೇಖಕ ಥಾಮಸ್ ಹ್ಯೂಸ್ ಪುಸ್ತಕವಾಗಿಸಿದ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಿಮಾನಗಳಿಗೆ ಗುರುತಾಗದಿರಲೆಂದು ಕುದುರೆಯನ್ನು ಮುಚ್ಚಿಟ್ಟು, ಬಳಿಕ ತೆರೆದರು.

ಈಗ ಹೊಣೆ ಹೊತ್ತಿರುವುದು ನ್ಯಾಷನಲ್ ಟ್ರಸ್ಟ್. ಸ್ವಯಂಸೇವಕರು ಮಂಡಿಯೂರಿ ಸುತ್ತಿಗೆಯಿಂದ ಹೊಸ ಸುಣ್ಣಕಲ್ಲನ್ನು ಕುಟ್ಟುತ್ತಾರೆ. ಆದರೂ ತಲೆ ಮತ್ತು ಕತ್ತಿನ ಗೆರೆಗಳು ಹುಲ್ಲಿನ ಒತ್ತುವರಿಯಿಂದ ಸಣಕಲಾಗಿರುವುದು ಕಂಡುಬಂದು, 2024ರಲ್ಲಿ ಅವನ್ನು ಮತ್ತೆ ಅಗಲಿಸಬೇಕಾಯಿತು.

ಸ್ಮಾರಕಕ್ಕೆ ಬೇಲಿ ಹಾಕಿ ಫಲಕ ನೆಟ್ಟರೆ ರಕ್ಷಣೆ ಮುಗಿಯಿತೆಂದು ಭಾವಿಸುವವರು ಎಲ್ಲೆಡೆ ಇದ್ದಾರೆ. ಅಫಿಂಗ್ಟನ್ನಿನ ಕುದುರೆಗೆ ಅಷ್ಟು ಸಾಲದು. ಅದನ್ನು ಬರೆದವರ ಹೆಸರು ಉಳಿದಿಲ್ಲ. ಕಳೆ ಕಿತ್ತವರ ಹೆಸರುಗಳೂ ಬಹುತೇಕ ಉಳಿದಿಲ್ಲ. ಉಳಿದಿರುವುದು ಕುದುರೆ ಮಾತ್ರ, ಅದೂ ಮುಂದಿನ ಬಾರಿ ಯಾರಾದರೂ ಸುತ್ತಿಗೆ ಹಿಡಿದು ಗುಡ್ಡ ಹತ್ತುವವರೆಗೆ.